ಐಕ್ಯೂ ಟೆಸ್ಟ್ ವೇಳೆ ತಾಯಿಗೂ ‘ಸುಮ್ಮನಿರಿ’ ಅನ್ನೋದ್ಯಾಕೆ? ಪರೀಕ್ಷೆ ಮಾಡುವವರು ಕಲಿಯೋ ಪಾಠ ಇಲ್ಲಿದೆ

ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಮಗುವನ್ನು ಬುದ್ಧಿಮತ್ತೆ ಪರೀಕ್ಷೆಗೆ ಕರೆದುಕೊಂಡು ಹೋಗಿ ಬಂದ ತಂದೆ-ತಾಯಿ ಹೇಳುವ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ‘ಮನೇಲಿ ಎಲ್ಲಾ ಹೇಳ್ತಾನೆ. ಅಲ್ಲಿ ಮೇಡಂ ಒಂದ್ಸಲ ಕೇಳಿ ಸುಮ್ಮನಾದ್ರು. ಇನ್ನೊಂದ್ಸಲ ಕೇಳಿ ಅಂದ್ರೂ ಕೇಳ್ಲಿಲ್ಲ. ನಾನು ಸ್ವಲ್ಪ ಹೇಳಿಕೊಟ್ಟಿದ್ದಕ್ಕೆ ಹೊರಗೆ ಕೂತ್ಕೊಳ್ಳಿ ಅಂದ್ರು.’

ಕೇಳಿದವರಿಗೆ ಇದು ಒರಟುತನ ಅನಿಸೋದು ಸಹಜ. ಆದರೆ ಬಹಳಷ್ಟು ಸಲ ಅದು ಒರಟುತನ ಅಲ್ಲ, ಕಟ್ಟುನಿಟ್ಟಾಗಿ ಕಲಿತ ನಿಯಮ. ಆ ನಿಯಮ ತಪ್ಪಿದರೆ ಬರುವ ಅಂಕವೇ ತಪ್ಪಾಗುತ್ತದೆ. ಅಂಕ ತಪ್ಪಾದರೆ ಮಗುವಿನ ಕೈಗೆ ಸಿಗುವ ಕಾಗದವೂ ತಪ್ಪಾಗುತ್ತದೆ.

ಒಂದು ಅಂಕದ ಮೇಲೆ ಎಷ್ಟೆಲ್ಲಾ ನಿಂತಿದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದೆ ಎಂದು ಪ್ರಮಾಣಪತ್ರ ಸಿಕ್ಕರೆ ಮೀಸಲಾತಿಯಂಥ ಸೌಲಭ್ಯಗಳಿಗೆ ದಾರಿ ಆಗುತ್ತದೆ. ಮಾಸಾಶನ, ವಿದ್ಯಾರ್ಥಿವೇತನ, ಪ್ರಯಾಣ ರಿಯಾಯಿತಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲೂ ಇದೇ ಕಾಗದ ಬೇಕು. ಕೈ-ಕಾಲಿನ ತೊಂದರೆಯನ್ನು ವೈದ್ಯರು ನೋಡಿ, ಮುಟ್ಟಿ ಅಳೆಯಬಹುದು. ಬೌದ್ಧಿಕ ವೈಕಲ್ಯ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಪರೀಕ್ಷೆಯೇ ಅಳತೆಗೋಲು.

ಐಕ್ಯೂ ಪರೀಕ್ಷೆಗಳಲ್ಲಿ 100 ಅಂದರೆ ಆ ವಯಸ್ಸಿನ ಮಕ್ಕಳ ಸರಾಸರಿ. 70ರ ಆಸುಪಾಸಿಗಿಂತ ಕಡಿಮೆ ಬಂದು, ಜೊತೆಗೆ ದಿನನಿತ್ಯದ ಬದುಕು ನಡೆಸಲೂ ವಯಸ್ಸಿಗೆ ತಕ್ಕ ಸಾಮರ್ಥ್ಯ ಇಲ್ಲದಿದ್ದರೆ ಬೌದ್ಧಿಕ ವೈಕಲ್ಯ ಎಂದು ಪರಿಗಣಿಸುತ್ತಾರೆ. ಎಷ್ಟು ಜಾಗ್ರತೆಯಿಂದ ಮಾಡಿದರೂ ಈ ಅಂಕ ಸುಮಾರು ಐದರಷ್ಟು ಆಚೀಚೆ ಇರಬಹುದು ಎಂದು ತಜ್ಞರೇ ಒಪ್ಪುತ್ತಾರೆ. ಅದರ ಮೇಲೆ ಪರೀಕ್ಷೆ ಮಾಡುವವರ ತಪ್ಪೂ ಸೇರಿಕೊಂಡರೆ ಗೆರೆಯ ಈಚೆ ಇರಬೇಕಾದ ಮಗು ಆಚೆ ಹೋಗಿಬಿಡುತ್ತದೆ.

ನಷ್ಟ ಎರಡೂ ಕಡೆ ಇದೆ. ಅಂಕ ಜಾಸ್ತಿ ಬಂದರೆ ನಿಜವಾಗಿ ನೆರವು ಬೇಕಾದ ಮಗುವಿಗೆ ಏನೂ ಸಿಗಲ್ಲ. ಅಂಕ ಕಡಿಮೆ ಬಂದರೆ, ಸ್ವಲ್ಪ ಹೆಚ್ಚು ಗಮನ ಕೊಟ್ಟರೆ ಶಾಲೆಯಲ್ಲಿ ಎಲ್ಲರ ಜೊತೆ ಕಲಿಯಬಲ್ಲ ಮಗುವಿಗೆ ಜೀವನಪೂರ್ತಿ ಒಂದು ಹಣೆಪಟ್ಟಿ ಬೀಳುತ್ತದೆ.

ಸೀಲು ಬಿದ್ದ ತಕ್ಕಡಿ ಇದ್ದಂತೆ

ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತದೆ. ತೂಕ ಮತ್ತು ಅಳತೆ ಇಲಾಖೆಯವರು ಬಂದು ತಕ್ಕಡಿಗೆ ಸೀಲು ಹಾಕಿ ಹೋಗುತ್ತಾರೆ. ಆದರೆ ತೂಗುವ ಹೊತ್ತಲ್ಲಿ ತಕ್ಕಡಿ ಓರೆ ಇಟ್ಟರೆ, ಚೀಲದ ತೂಕ ಕಳೆಯದಿದ್ದರೆ, ಸೀಲು ಇದ್ದೂ ಪ್ರಯೋಜನವಿಲ್ಲ.

ಬುದ್ಧಿಮತ್ತೆ ಪರೀಕ್ಷೆಗಳೂ ಹಾಗೆಯೇ. ಒಂದು ಪರೀಕ್ಷೆ ಬಳಕೆಗೆ ಬರುವ ಮೊದಲು ಅದನ್ನು ಬೇರೆ ಬೇರೆ ವಯಸ್ಸಿನ ನೂರಾರು ಮಕ್ಕಳಿಗೆ ಕೊಟ್ಟು ನೋಡಿರುತ್ತಾರೆ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಮಾತು, ಅಷ್ಟೇ ಸಮಯ. ಯಾವ ವಯಸ್ಸಿನವರು ಸಾಮಾನ್ಯವಾಗಿ ಎಷ್ಟು ಮಾಡುತ್ತಾರೆ ಅನ್ನುವ ಪಟ್ಟಿ ಅದರಿಂದ ಸಿಗುತ್ತದೆ. ಮುಂದೆ ಪರೀಕ್ಷೆಗೆ ಬರುವ ಪ್ರತಿ ಮಗುವನ್ನೂ ಆ ಪಟ್ಟಿ ಜೊತೆ ಹೋಲಿಸುತ್ತಾರೆ. ಪಟ್ಟಿಯ ಮಕ್ಕಳಿಗೆ ಒಂದೇ ಸಲ ಕೇಳಿದ್ದ ಪ್ರಶ್ನೆಯನ್ನು ಇಂದಿನ ಮಗುವಿಗೆ ಮೂರು ಸಲ ಕೇಳಿದರೆ ಹೋಲಿಕೆಗೇ ಅರ್ಥ ಇರಲ್ಲ.

ಈ ಪದ್ಧತಿಗೆ ನೂರು ವರ್ಷ ದಾಟಿದೆ. ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಫ್ರಾನ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 1905ರಲ್ಲಿ ಪರೀಕ್ಷೆ ರೂಪಿಸಿದರು. ಕನ್ನಡಕ್ಕೂ ಇದರ ನಂಟು ಹಳೆಯದು. ಇಂದಿನ ಉತ್ತರ ಕರ್ನಾಟಕದ ಹಲವು ಭಾಗ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿ, 1934ರಲ್ಲಿ ಅದರ ವಿವರ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಲ್ಲಿ ಅದು ಪ್ರಸಿದ್ಧವಾಯಿತು. ನಾಗಪುರದ ಎ.ಜೆ. ಮಾಲಿನ್ 1969ರಲ್ಲಿ ಸಿದ್ಧಪಡಿಸಿದ ಮಕ್ಕಳ ಬುದ್ಧಿಮತ್ತೆ ಪರೀಕ್ಷೆ ಇನ್ನೊಂದು. ಇದಕ್ಕೆ ‘ಮಿಸಿಕ್’ ಅನ್ನುತ್ತಾರೆ.

ಓದೋದೇ ಒಂದು ಕಲೆ

ಹೊಸದಾಗಿ ಕಲಿಯುವವರು ಮೊದಲು ಎಡವುವುದು ಸುಲಭ ಅಂತ ಕಾಣುವ ಕೆಲಸದಲ್ಲೇ. ಅಂಕಿ ಹೇಳಿ ಮಗುವಿನಿಂದ ವಾಪಸ್ ಹೇಳಿಸುವುದನ್ನೇ ನೋಡಿ. 5, 8, 2, 6, 9, 3 ಎಂದು ಆರು ಅಂಕಿ ಇದೆ ಅಂತಿಟ್ಟುಕೊಳ್ಳಿ (ಇದು ವಿವರಣೆಗಾಗಿ ಬರೆದದ್ದು, ಯಾವ ಪರೀಕ್ಷೆಯದ್ದೂ ಅಲ್ಲ). ಸೆಕೆಂಡಿಗೆ ಒಂದು ಅಂಕಿಯಂತೆ, ಒಂದೇ ದನಿಯಲ್ಲಿ ಹೇಳಬೇಕು ಎನ್ನುವುದು ನಿಯಮ.

ನಮ್ಮ ಬಾಯಿಗೆ ಮೊಬೈಲ್ ನಂಬರ್ ಹೇಳಿ ಅಭ್ಯಾಸ. ‘ಐವತ್ತೆಂಟು, ಇಪ್ಪತ್ತಾರು, ತೊಂಬತ್ತಮೂರು’ ಎಂದು ಜೋಡಿ ಮಾಡಿ ಹೇಳಿದರೆ ಮಗು ನೆನಪಿಡಬೇಕಾದ್ದು ಆರರ ಬದಲು ಮೂರೇ. ಹಾಗೆ ಹೇಳದೆ, ಎರಡೆರಡು ಅಂಕಿಗೆ ಸ್ವಲ್ಪ ನಿಲ್ಲಿಸಿದರೂ ಸಾಕು, ಕೆಲಸ ಹಗುರಾಗುತ್ತದೆ. ಅವಸರದಲ್ಲಿ ಓದಿದರೆ ಕಷ್ಟವಾಗುತ್ತದೆ. ಹಾಗಾಗಿ ಕಲಿಯುವವರು ಗಡಿಯಾರ ಮುಂದಿಟ್ಟುಕೊಂಡು, ದನಿ ಮುದ್ರಿಸಿ ಕೇಳಿಕೊಂಡು ತಿಂಗಳುಗಟ್ಟಲೆ ಅಭ್ಯಾಸ ಮಾಡುತ್ತಾರೆ. ತಾಯಿ ಕೇಳಿದರೂ ‘ಇನ್ನೊಂದ್ಸಲ’ ಹೇಳದೇ ಇರುವುದಕ್ಕೆ ಕಾರಣ ಇದೇ. ಇಂಥ ಪ್ರಶ್ನೆಯಲ್ಲಿ ಪರೀಕ್ಷೆ ಆಗುತ್ತಿರುವುದೇ ಒಂದು ಸಲ ಕೇಳಿ ಎಷ್ಟು ನೆನಪಿರುತ್ತದೆ ಅನ್ನುವುದು.

‘ಶಭಾಷ್’ ಅನ್ನೋದೂ ಸುಳಿವೇ

ಮಗು ಸರಿ ಉತ್ತರ ಕೊಟ್ಟಾಗ ‘ವೆರಿ ಗುಡ್’ ಅಂತ ಬಾಯಿಗೆ ಬರುತ್ತದೆ, ತಪ್ಪಿದಾಗ ಮುಖ ಸಪ್ಪೆಯಾಗುತ್ತದೆ. ಎರಡು ಪ್ರಶ್ನೆ ಆಗುವಷ್ಟರಲ್ಲಿ ಮಗು ಮುಖ ನೋಡಿಯೇ ಉತ್ತರ ಬದಲಿಸಲು ಕಲಿಯುತ್ತದೆ. ಅದಕ್ಕೇ ತರಬೇತಿಯಲ್ಲಿ ಪ್ರಯತ್ನವನ್ನು ಹೊಗಳಿ, ಉತ್ತರವನ್ನಲ್ಲ ಎಂದು ಹೇಳಿಕೊಡುತ್ತಾರೆ. ‘ಚೆನ್ನಾಗಿ ಕೂತ್ಕೊಂಡು ಮಾಡ್ತಿದ್ದೀಯ ಪುಟ್ಟ, ಮುಂದಿನದು ನೋಡೋಣ್ವಾ?’ ಅನ್ನುವ ಮಾತು ಉತ್ತರ ಸರಿಯಿದ್ದಾಗಲೂ ತಪ್ಪಿದ್ದಾಗಲೂ ಅದೇ ದನಿಯಲ್ಲಿ ಬರಬೇಕು.

ಉತ್ತರ ಅರ್ಧ ಸರಿಯಿದ್ದರೆ ‘ಇನ್ನೂ ಸ್ವಲ್ಪ ಹೇಳು’ ಎನ್ನಲು ಕೆಲವು ಪರೀಕ್ಷೆಗಳಲ್ಲಿ ಅವಕಾಶ ಇದೆ. ಯಾವ ಥರದ ಉತ್ತರಕ್ಕೆ ಹಾಗೆ ಕೇಳಬಹುದು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಹಾಗೆ ಕೇಳಿದ್ದನ್ನು ಹಾಳೆಯಲ್ಲಿ ಗುರುತು ಹಾಕಬೇಕು. ಮಗು ಹೇಳಿದ್ದನ್ನು ಸಾರಾಂಶ ಮಾಡದೆ, ಅದರದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಬರೀ ಸರಿ-ತಪ್ಪು ಗುರುತು ಹಾಕಿದರೆ, ನಾಳೆ ಇನ್ನೊಬ್ಬರು ಅಂಕ ಸರಿ ನೋಡಬೇಕೆಂದರೆ ದಾರಿ ಇರಲ್ಲ.

ಮರದ ಹಲಗೆ, ಸ್ಟಾಪ್‌ವಾಚ್

ಮಾತು ಕಡಿಮೆ ಇರುವ ಮಕ್ಕಳಿಗೆ ‘ಸೆಗ್ವಿನ್ ಫಾರ್ಮ್ ಬೋರ್ಡ್’ ಎಂಬ ಮರದ ಹಲಗೆ ಬಳಸುತ್ತಾರೆ. ವೃತ್ತ, ಚೌಕ, ನಕ್ಷತ್ರ ಹೀಗೆ ಹತ್ತು ಆಕಾರದ ತುಂಡುಗಳನ್ನು ಅವುಗಳ ಗುಂಡಿಯಲ್ಲಿ ಕೂರಿಸಬೇಕು. ಮೂರು ಸಲ ಮಾಡಿಸಿ, ಅತಿ ಕಡಿಮೆ ಸಮಯ ತೆಗೆದುಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (ಆಯಿಷ್) 1971ರಲ್ಲೇ ಇದಕ್ಕೆ ಭಾರತದ ಮಕ್ಕಳ ಅಳತೆಪಟ್ಟಿ ಪ್ರಕಟಿಸಿತ್ತು.

ನೋಡಲು ಆಟ, ಆದರೆ ತಪ್ಪಲು ಹತ್ತಾರು ದಾರಿ. ತುಂಡುಗಳನ್ನು ಹೇಳಿದ ಕ್ರಮದಲ್ಲಿ ಗುಡ್ಡೆ ಮಾಡದಿದ್ದರೆ, ಹಲಗೆ ತಿರುಗಿಸಿಟ್ಟರೆ, ಸ್ಟಾಪ್‌ವಾಚ್ ತಡವಾಗಿ ಒತ್ತಿದರೆ ಸಮಯ ಬದಲಾಗುತ್ತದೆ. ‘ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಮಾಡು’ ಅನ್ನುವ ಒಂದು ಮಾತು ಬಿಟ್ಟುಹೋದರೆ, ನಿಧಾನವಾಗಿ ಆಡಿಕೊಂಡು ಕೂರುವ ಮಗು ವಯಸ್ಸಿಗಿಂತ ಹಿಂದೆ ಇದೆ ಎಂದು ಬರುತ್ತದೆ. ಪಕ್ಕದಲ್ಲಿ ಕೂತ ಅಮ್ಮ ‘ಅದು ಅಲ್ಲಿ’ ಎಂದು ಕಣ್ಣಲ್ಲಿ ತೋರಿಸಿದರೂ ಅಷ್ಟೇ, ಫಲಿತಾಂಶ ಕೆಡುತ್ತದೆ. ಅವರನ್ನು ಮಗುವಿನ ಹಿಂದೆಯೋ ಬಾಗಿಲ ಹೊರಗೋ ಕೂರಿಸುವುದು ಅದಕ್ಕೇ.

ಜೂನ್ 1ರ ಸಮಸ್ಯೆ

ನಮ್ಮ ಕಡೆ ಎಷ್ಟೋ ಜನರ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಬರೆಸಿದ್ದು ಅದು. ಬೇರೆ ಕಡೆ ಇದು ತಮಾಷೆಯ ವಿಷಯ. ಐಕ್ಯೂ ಲೆಕ್ಕದಲ್ಲಿ ತಮಾಷೆ ಅಲ್ಲ.

ಬಿನೆ-ಕಾಮತ್ ಮಾದರಿಯಲ್ಲಿ ಮಗು ಉತ್ತರಿಸಿದ ಪ್ರಶ್ನೆಗಳಿಂದ ‘ಮಾನಸಿಕ ವಯಸ್ಸು’ ಕಂಡುಹಿಡಿಯುತ್ತಾರೆ. ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದರೆ ಐಕ್ಯೂ. ಒಂದು ಮಗುವಿನ ಮಾನಸಿಕ ವಯಸ್ಸು 6 ವರ್ಷ, ಅಂದರೆ 72 ತಿಂಗಳು ಬಂತು ಎನ್ನೋಣ. ನಿಜವಾದ ವಯಸ್ಸು 8 ವರ್ಷ (96 ತಿಂಗಳು) ಆಗಿದ್ದರೆ ಐಕ್ಯೂ 75. ಶಾಲೆ ದಾಖಲೆಯಲ್ಲಿ ಹತ್ತು ತಿಂಗಳು ಜಾಸ್ತಿ ಬರೆಸಿದ್ದು, ಅದನ್ನೇ ಹಿಡಿದು 106 ತಿಂಗಳು ಎಂದು ಲೆಕ್ಕ ಹಾಕಿದರೆ ಐಕ್ಯೂ 68. ಮಗು ಅದೇ, ಉತ್ತರ ಅದೇ, 70ರ ಗೆರೆ ಮಾತ್ರ ದಾಟಿಹೋಯ್ತು.

ಹಾಗಾಗಿ ಕಲಿತವರು ವಯಸ್ಸನ್ನು ಬಾಯಲ್ಲಿ ಕೇಳಿ ಬಿಡುವುದಿಲ್ಲ. ಜನನ ಪ್ರಮಾಣಪತ್ರ, ತಾಯಿ ಕಾರ್ಡ್ ನೋಡುತ್ತಾರೆ. ಎರಡೂ ಇಲ್ಲದಿದ್ದರೆ ಯಾವ ಹಬ್ಬದ ಹೊತ್ತಿಗೆ ಹುಟ್ಟಿದ್ದು, ಅಣ್ಣ-ತಂಗಿಗಿಂತ ಎಷ್ಟು ದೊಡ್ಡದು-ಚಿಕ್ಕದು ಎಂದು ಕೇಳಿ ವಯಸ್ಸು ಅಂದಾಜು ಮಾಡಿ, ಅಂದಾಜು ಎಂದೇ ವರದಿಯಲ್ಲಿ ಬರೆಯುತ್ತಾರೆ.

ಮನೆ ಮಾತು ಬೇರೆ ಇದ್ದರೆ?

ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು ಅಥವಾ ಮರಾಠಿ. ಇಂಥ ಮಕ್ಕಳು ಎಲ್ಲಾ ತಾಲೂಕಲ್ಲೂ ಇದ್ದಾರೆ. ಪ್ರಶ್ನೆಯನ್ನು ಅಲ್ಲೇ ಕೂತು ಬೇರೆ ಭಾಷೆಗೆ ತಿರುಗಿಸಿ ಕೇಳಿದರೆ ಆಯ್ತಲ್ಲ ಅನಿಸಬಹುದು. ಆದರೆ ಒಂದು ಭಾಷೆಯಲ್ಲಿ ಸುಲಭದ ಪದ ಇನ್ನೊಂದರಲ್ಲಿ ಕಷ್ಟದ್ದಾಗಿರುತ್ತದೆ, ಕೆಲವು ಸಲ ತಿರುಗಿಸುವಾಗ ಉತ್ತರವೇ ಬಾಯಿಬಿಟ್ಟುಹೋಗುತ್ತದೆ. ಅಂಥ ಮಗುವಿಗೆ ಮಾತಿನ ಪರೀಕ್ಷೆಯ ಅಂಕವೊಂದನ್ನೇ ನಂಬದೆ, ಚಿತ್ರ ಜೋಡಿಸುವ ಅಥವಾ ಕೈಯಲ್ಲಿ ಮಾಡುವ ಪರೀಕ್ಷೆಯನ್ನೂ ಸೇರಿಸಬೇಕು. ಯಾವ ಭಾಷೆಯಲ್ಲಿ ಕೇಳಿದ್ದು ಎಂದು ವರದಿಯಲ್ಲಿ ಇರಬೇಕು.

ಕಿವಿಯ ವಿಷಯವೂ ಹೀಗೇ. ಸರಿಯಾಗಿ ಕೇಳಿಸದ ಮಗು ಪ್ರಶ್ನೆಗೆ ಸುಮ್ಮನಿದ್ದರೆ ಬುದ್ಧಿ ಕಡಿಮೆ ಎಂದು ತೋರುತ್ತದೆ. ಮೊದಲು ಕಿವಿ, ಕಣ್ಣು ನೋಡಿಸಿಯೇ ಮುಂದಿನ ಪರೀಕ್ಷೆ ಮಾಡುವುದು ಸರಿಯಾದ ಕ್ರಮ.

‘ಅಂಗಡಿಗೆ ಹೋಗಿ ಬರ್ತಾನಾ?’

ಐಕ್ಯೂ ಜೊತೆಗೆ ದಿನದ ಬದುಕಿನ ಸಾಮರ್ಥ್ಯ ಅಳೆಯಲು ‘ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢಿಮೆ ಮಾಪನ’ ಬಳಸುತ್ತಾರೆ. ಇಲ್ಲಿ ಪ್ರಶ್ನೆ ಮಗುವಿಗಲ್ಲ, ಮಗುವನ್ನು ದಿನಾ ನೋಡುವವರಿಗೆ. ಊಟ, ಬಟ್ಟೆ, ಓಡಾಟ, ಮಾತುಕತೆ, ದುಡ್ಡಿನ ವ್ಯವಹಾರ ಎಲ್ಲವೂ ಬರುತ್ತದೆ. ಮಗು ‘ಮಾಡಬಲ್ಲದು’ ಅನ್ನುವುದಕ್ಕಿಂತ ‘ದಿನಾ ತಾನೇ ಮಾಡುತ್ತದೆ’ ಅನ್ನುವುದೇ ಇಲ್ಲಿ ಲೆಕ್ಕ.

‘ಅಂಗಡಿಗೆ ಹೋಗಿ ಸಾಮಾನು ತರ್ತಾನಾ?’ ಎಂದರೆ ತಾಯಿ ‘ತರ್ತಾನೆ’ ಅನ್ನುತ್ತಾರೆ. ಅಲ್ಲಿಗೇ ಗುರುತು ಹಾಕಿದರೆ ತಪ್ಪು. ಚೀಟಿ ಬರೆದು ಕೊಟ್ಟು ಕಳಿಸುವುದು ತಾಯಿ, ಸಾಮಾನು ಕಟ್ಟಿ ಚಿಲ್ಲರೆ ಎಣಿಸಿ ಚೀಲಕ್ಕೆ ಹಾಕುವುದು ಅಂಗಡಿಯವರು, ಹುಡುಗ ಚೀಲ ಹಿಡಿದು ಬರುತ್ತಾನೆ ಅಷ್ಟೇ ಅನ್ನುವುದು ಬಿಡಿಸಿ ಕೇಳಿದಾಗ ಮಾತ್ರ ಗೊತ್ತಾಗುತ್ತದೆ. ಕೆಲವು ಮನೆಯವರು ಮರ್ಯಾದೆಗೆ ಅಂಜಿ ಎಲ್ಲಾ ಮಾಡ್ತಾನೆ ಅನ್ನುತ್ತಾರೆ. ಕೆಲವರು ಸರ್ಟಿಫಿಕೇಟ್ ಸಿಗಲಿ ಎಂದು ಏನೂ ಮಾಡಲ್ಲ ಅನ್ನುತ್ತಾರೆ. ಅದಕ್ಕೇ ಅನುಭವಿಗಳು ಹೌದು-ಇಲ್ಲ ಪ್ರಶ್ನೆ ಬಿಟ್ಟು, ‘ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತಾನೆ ಹೇಳಿಮ್ಮ’ ಎಂದು ಶುರು ಮಾಡುತ್ತಾರೆ.

ಮಾಡಿ ಮಾಡಿ ಕಲಿತರೆ ಸಾಲದು

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಇದರ ತರಬೇತಿ ನಡೆದುಬಂದಿದೆ. ಕಲಿಯುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಕೈಪಿಡಿ ಓದುವುದು. ಆಮೇಲೆ ಹಿರಿಯರು ಮಾಡುವುದನ್ನು ನೋಡುವುದು. ಜೊತೆಗಾರರ ಮೇಲೆ ಅಭ್ಯಾಸ. ಕೊನೆಗೆ ಹಿರಿಯರ ಕಣ್ಣೆದುರು ಮಕ್ಕಳಿಗೆ ಪರೀಕ್ಷೆ.

ಈ ಕೊನೆಯ ಹಂತವೇ ಮುಖ್ಯ. ಅಮೆರಿಕದಲ್ಲಿ 1980-90ರ ದಶಕಗಳಲ್ಲಿ ವಿದ್ಯಾರ್ಥಿಗಳು ತುಂಬಿದ ಪರೀಕ್ಷಾ ಹಾಳೆಗಳನ್ನು ಸಂಶೋಧಕರು ಒಂದೊಂದಾಗಿ ಪರಿಶೀಲಿಸಿದರು. ಕೂಡುವ ತಪ್ಪು, ಅಂಕ ಕೊಡುವ ತಪ್ಪು, ಕೇಳಬೇಕಾದಲ್ಲಿ ಕೇಳದೆ ಬಿಟ್ಟಿದ್ದು, ಇವೆಲ್ಲ ಹಾಳೆ ಹಾಳೆಯಲ್ಲೂ ಸಿಕ್ಕವು. ಹಲವು ಸಲ ಪರೀಕ್ಷೆ ಮಾಡಿದ ಮಾತ್ರಕ್ಕೆ ತಪ್ಪು ಕಡಿಮೆ ಆಗಿರಲಿಲ್ಲ. ಎಲ್ಲಿ ತಪ್ಪಿದ್ದು ಎಂದು ಯಾರೂ ತೋರಿಸದಿದ್ದರೆ ತಪ್ಪೇ ಅಭ್ಯಾಸವಾಗುತ್ತದೆ ಎಂಬುದು ಅದರಿಂದ ತಿಳಿದ ಪಾಠ. ಹಾಗಾಗಿ ಒಳ್ಳೆಯ ತರಬೇತಿಯಲ್ಲಿ ವಿಡಿಯೊ ನೋಡಿ ತಪ್ಪು ಗುರುತಿಸುತ್ತಾರೆ, ಒಂದೇ ಹಾಳೆಗೆ ಇಬ್ಬರು ಬೇರೆ ಬೇರೆ ಅಂಕ ಹಾಕಿ ತಾಳೆ ನೋಡುತ್ತಾರೆ. ಕೆಲಸಕ್ಕೆ ಸೇರಿ ವರ್ಷಗಳಾದವರಿಗೂ ಇದು ಬೇಕು.

ಅಜ್ಜ-ಅಜ್ಜಿಯರ ಮರೆವಿನ ಪರೀಕ್ಷೆಯಲ್ಲೂ ಇದೇ ಕತೆ

ಹಿರಿಯರ ಮರೆವು ನೋಡಲು 1975ರಲ್ಲಿ ಬಂದ, 30 ಅಂಕದ ‘ಎಂಎಂಎಸ್‌ಇ’ ಎಂಬ ಪರೀಕ್ಷೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ ಒಂದು ವಾಕ್ಯ ಬರೆಯಬೇಕು, ತಾರೀಕು ಹೇಳಬೇಕು. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಅಂಕ ಹೋಗುವುದು ಮರೆವಿನಿಂದಲ್ಲ, ಓದು ಇಲ್ಲದ್ದರಿಂದ. ಇದೇ ಕಾರಣಕ್ಕೆ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಅಧ್ಯಯನ ಮಾಡಿದವರು ಅಕ್ಷರ ಬಾರದವರಿಗೆ ಹೊಂದುವಂತೆ ಬದಲಿಸಿದ ಹಿಂದಿ ರೂಪವನ್ನು 1995ರಲ್ಲಿ ಪ್ರಕಟಿಸಿದರು. ನಮ್ಮ ರಾಜ್ಯದಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, 45 ದಾಟಿದವರ ನೆನಪು-ಯೋಚನಾಶಕ್ತಿಯನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ. ಅದೇ ವ್ಯಕ್ತಿಯನ್ನು ಮತ್ತೆ ಮತ್ತೆ ಪರೀಕ್ಷಿಸಿ ಹೋಲಿಸುವ ಇಂಥ ಕೆಲಸದಲ್ಲಿ, ಪ್ರತಿ ಸಲವೂ ಒಂದೇ ರೀತಿ ಕೇಳದಿದ್ದರೆ ಬದಲಾದದ್ದು ಅಜ್ಜನ ನೆನಪೋ ಕೇಳುವವರ ರೀತಿಯೋ ಗೊತ್ತಾಗಲ್ಲ.

ಪರೀಕ್ಷೆಗೆ ಹೋಗುವವರು ಗಮನಿಸಿ

- ಮಗುವಿಗೆ ಚೆನ್ನಾಗಿ ನಿದ್ದೆ, ತಿಂಡಿ ಆಗಿರಲಿ. ಜ್ವರ ಇದ್ದರೆ, ಹಿಂದಿನ ದಿನ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ, ಬೇರೆ ದಿನ ಕೇಳಿ.
- ಕನ್ನಡಕ, ಕಿವಿ ಮಿಷನ್ ಮರೆಯಬೇಡಿ. ಕೊಡುತ್ತಿರುವ ಮಾತ್ರೆಯ ಚೀಟಿ ಜೊತೆಗಿರಲಿ.
- ಶಾಲೆ ದಾಖಲೆ ಒಂದೇ ಸಾಲದು. ಜನನ ಪ್ರಮಾಣಪತ್ರ ಅಥವಾ ತಾಯಿ ಕಾರ್ಡ್ ತನ್ನಿ. ದಾಖಲೆಯ ದಿನ ನಿಜವಲ್ಲದಿದ್ದರೆ ಮುಚ್ಚಿಡದೆ ಹೇಳಿ.
- ಮನೆಯಲ್ಲಿ ಯಾವ ಮಾತು ಆಡುತ್ತೀರಿ ಎಂದು ತಿಳಿಸಿ.
- ಹಿಂದೆ ಟೆಸ್ಟ್ ಮಾಡಿಸಿದ್ದರೆ ಆ ವರದಿ ತೋರಿಸಿ. ಅದೇ ಪರೀಕ್ಷೆ ಬೇಗ ಮತ್ತೆ ಮಾಡಿದರೆ ಅಭ್ಯಾಸದಿಂದಲೇ ಅಂಕ ಏರುತ್ತದೆ.
- ಪ್ರಶ್ನೆ ಹುಡುಕಿ ಹೇಳಿಕೊಟ್ಟು ಕರೆತರಬೇಡಿ. ‘ಏನೂ ಹೇಳಬೇಡ’ ಅಂತಲೂ ಕಲಿಸಬೇಡಿ.
- ಹೊರಗೆ ಕೂರಿ ಅಂದರೆ ಬೇಜಾರಾಗಬೇಡಿ. ಮಗು ಹೆದರುವ ಸ್ವಭಾವದ್ದಾದರೆ ಮೊದಲೇ ಹೇಳಿ, ಹಿಂದೆ ಕೂರಲು ಅವಕಾಶ ಕೇಳಬಹುದು.

ಪರೀಕ್ಷೆ ಮುಗಿದ ಮೇಲೆ ಕೇಳುವ ಹಕ್ಕೂ ಮನೆಯವರಿಗಿದೆ. ಯಾವ ಪರೀಕ್ಷೆ ಮಾಡಿದಿರಿ, ಯಾವ ಭಾಷೆಯಲ್ಲಿ, ವಯಸ್ಸು ಎಷ್ಟು ಹಿಡಿದಿರಿ, ಮಗು ಸಹಕರಿಸಿತಾ ಎಂದು ಕೇಳಬಹುದು. ವರದಿಯಲ್ಲಿ ಪರೀಕ್ಷಿಸಿದವರ ಹೆಸರು, ನೋಂದಣಿ ಸಂಖ್ಯೆ ಇದೆಯಾ ನೋಡಿ. ಐದೇ ನಿಮಿಷದಲ್ಲಿ, ಗಲಾಟೆಯ ನಡುವೆ, ಮಗುವನ್ನು ಒಂದು ಮಾತೂ ಆಡಿಸದೆ ಅಂಕ ಬರೆದಿದ್ದರೆ ಪ್ರಶ್ನಿಸುವುದರಲ್ಲಿ ತಪ್ಪಿಲ್ಲ. ಪ್ರಮಾಣಪತ್ರದ ತೀರ್ಮಾನ ಒಪ್ಪಿಗೆಯಾಗದಿದ್ದರೆ 2016ರ ಕಾಯ್ದೆಯ 59ನೇ ಸೆಕ್ಷನ್ ಅಡಿ ಮೇಲ್ಮನವಿಗೆ ಅವಕಾಶ ಇದೆ. ಅರ್ಜಿ ಹಾಕಲು ದಾರಿ ತಿಳಿಯದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅಥವಾ ತಾಲೂಕಿನ ಎಂಆರ್‌ಡಬ್ಲ್ಯೂ ಅವರನ್ನು ಕೇಳಬಹುದು.